ಜಂತಿಮನೆಯ ಕತ್ತಲೂ ಫ್ಲ್ಯಾಶಿನ ಹೊಡೆತವೂ

ನಮ್ಮ ಬೈಲಹೊಂಗಲ, ಸವದತ್ತಿ ಕಡೆ ಫೋಟೋ ‘ತಗೀರಿ’ ಅನ್ನುವವರಿಗಿಂತ ‘ಹೊಡೀರಿ’ ಅನ್ನುವವರು ಹೆಚ್ಚು. ‘ಫ್ಲ್ಯಾಶ್ ಹೊಡೀರಿ, ಇಲ್ಲಂದ್ರ ಮಾರಿ ಕರ್ರಗ ಬರತೈತಿ’ ಎಂಬುದು ಮದುವೆಮನೆಯಲ್ಲಿ ಫೋಟೋಗ್ರಾಫರನಿಗೆ ಸಿಗುವ ಮೊದಲ ಸೂಚನೆ. ಜರ್ಮನರು ಇದೇ ಬೆಳಕಿಗೆ ಬ್ಲಿಟ್ಸ್ ಎಂದರು, ಅಂದರೆ ಮಿಂಚು. ಮಿಂಚು ಆಕಾಶದಿಂದ ಬೀಳುತ್ತದೆ, ಊರನ್ನೆಲ್ಲ ಒಮ್ಮೆ ತೋರಿಸಿ ಹೋಗುತ್ತದೆ. ಕ್ಯಾಮೆರಾದ ನೆತ್ತಿಯ ಮೇಲೆ ಕೂತ ಫ್ಲ್ಯಾಶ್ ಎದುರಿನಿಂದ ಬಂದು ಮುಖಕ್ಕೆ ಬಡಿಯುತ್ತದೆ, ಊರನ್ನು ಕತ್ತಲಿಗೆ ಬಿಟ್ಟುಬಿಡುತ್ತದೆ. ನಾಲ್ಕು ತಾಲ್ಲೂಕುಗಳ ಮದುವೆ ಆಲ್ಬಮ್ಮು, ಜಾತ್ರೆಯ ಚಿತ್ರ, ಗೋಡೆಯ ಮೇಲಿನ ಹಿರಿಯರ ಪಟಗಳನ್ನು ಬಹಳ ದಿನ ನೋಡಿದ ಮೇಲೆ ನಮ್ಮವರ ಕ್ರಿಯಾಪದವೇ ಹೆಚ್ಚು ಕರಾರುವಾಕ್ಕಾಗಿದೆ ಅನ್ನಿಸಿದೆ.

ಫ್ಲ್ಯಾಶ್ ಬಳಸಬೇಕೋ ಬಾರದೋ ಎಂಬ ಜಗಳ ಛಾಯಾಗ್ರಹಣದ ಲೋಕದಲ್ಲಿ ಹಳೆಯದು. ಅದು ನನ್ನನ್ನು ಅಷ್ಟಾಗಿ ಸೆಳೆಯುವುದಿಲ್ಲ. ಒಂದು ಚಿತ್ರದಲ್ಲಿ ಬೆಳಕು ಎಲ್ಲಿ ನಿಂತು ಬರುತ್ತಿದೆ ಎಂಬುದು ನನ್ನ ಪ್ರಶ್ನೆ. ಕಥೆಯನ್ನು ಓದುವಾಗ ಯಾರು ಹೇಳುತ್ತಿದ್ದಾರೆ, ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂದು ನಾವು ಕೇಳುವುದಿಲ್ಲವೇ? ಹಾಗೆಯೇ ಇದು. ನೇರ ಫ್ಲ್ಯಾಶಿನ ಚಿತ್ರದಲ್ಲಿ ಬೆಳಕೂ ನೋಟವೂ ಒಂದೇ ಜಾಗದಿಂದ, ಫೋಟೋಗ್ರಾಫರನ ಹಣೆಯಿಂದ, ಹೊರಡುತ್ತವೆ. ಅವನಿಗೆ ಕಾಣದ್ದಕ್ಕೆ ಬೆಳಕೂ ಇಲ್ಲ. ನೆರಳೆಲ್ಲ ಮುಖದ ಹಿಂದಕ್ಕೆ ಓಡಿ, ಮೂಗು, ಕೆನ್ನೆ, ಗದ್ದಗಳ ಏರಿಳಿತ ಅಳಿಸಿಹೋಗಿ ಮುಖ ಹಪ್ಪಳದಂತೆ ಚಪ್ಪಟೆಯಾಗುತ್ತದೆ.

ಆಲ್ಬಮ್ಮಿನಿಂದ ಶುರು ಮಾಡೋಣ. ತೊಂಬತ್ತರ ದಶಕದ ಯಾವುದೇ ಆಲ್ಬಮ್ ತೆರೆಯಿರಿ: ಪ್ಲಾಸ್ಟಿಕ್ ಹಾಳೆಯೊಳಗೆ ಕೂತ ಮ್ಯಾಕ್ಸಿ ಸೈಜಿನ ಪ್ರಿಂಟುಗಳು. ವಧುವರರ ಮುಖ ಸುಣ್ಣ ಬಳಿದಷ್ಟು ಬಿಳುಪು. ಅವರ ಹಿಂದೆ ನಿಂತ ಅತ್ತೆ, ಚಿಗವ್ವ, ಸೋದರಮಾವಂದಿರು ಕಂದು. ಅವರ ಹಿಂದೆ ಕಪ್ಪು. ಆ ಕಪ್ಪಿನಲ್ಲಿ ಒಂದು ಅಂಗಳ, ಒಂದು ಬೇವಿನ ಮರ, ಒಲೆಯ ಮುಂದೆ ಬೆವರುತ್ತಿದ್ದ ಹತ್ತಾರು ಜನ ಇದ್ದರು. ಇದು ಭೌತಶಾಸ್ತ್ರದ ಸರಳ ಲೆಕ್ಕ. ಬೆಳಕಿನ ಮೂಲದಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ವಧು 2 ಮೀಟರ್ ದೂರದಲ್ಲಿ ನಿಂತಿದ್ದರೆ, 4 ಮೀಟರ್ ದೂರದ ಚಿಗವ್ವನಿಗೆ ಸಿಗುವುದು ಕಾಲು ಭಾಗ, 8 ಮೀಟರ್ ದೂರದ ಅಡುಗೆಯವನಿಗೆ ಹದಿನಾರನೆಯ ಒಂದು ಭಾಗ. ಸೂರ್ಯನಿಗೆ ಈ ಭೇದವಿಲ್ಲ, ಅವನು ಎಲ್ಲರಿಗೂ ಅಷ್ಟೇ ದೂರ. ಹತ್ತಿರದವರಿಗೆ ಮಾತ್ರ ಬೆಳಕು ಹಂಚುವ ಫ್ಲ್ಯಾಶ್ ನಮ್ಮ ಮನೆಗಳಲ್ಲಿ ಮೊದಲೇ ಇದ್ದ ಸಾಲುಗಳನ್ನು ಇನ್ನಷ್ಟು ಗಟ್ಟಿ ಮಾಡಿತು. ಮುಂದಿನ ಸಾಲಿನಲ್ಲಿ ಕೂರುವವರು ಯಾರು, ಕಂಬದ ಮರೆಯಲ್ಲಿ ನಿಲ್ಲುವವರು ಯಾರು ಎಂಬುದು ಕ್ಯಾಮೆರಾ ಬರುವುದಕ್ಕೆ ಮುಂಚೆಯೇ ನಿಗದಿಯಾಗಿತ್ತು. ಹೊಲದಲ್ಲಿ ದುಡಿದ ಆಳುಮಗ, ಮನೆಯ ಕಿರಿ ಸೊಸೆ ಆಲ್ಬಮ್ಮಿನಲ್ಲಿ ಎರಡು ಕಣ್ಣುಗಳಾಗಿ, ಕೆಲವೊಮ್ಮೆ ಬರೀ ಮೂಗುತಿಯ ಮಿಂಚಾಗಿ ಉಳಿದಿದ್ದಾರೆ.

ಇದಕ್ಕೆ ಫೋಟೋಗ್ರಾಫರನನ್ನು ಬೈಯುವುದು ಸುಲಭ. ಆದರೆ ಅವನ ಕೈಯಲ್ಲಿ ಇದ್ದದ್ದಾದರೂ ಏನು? ಒಂದು ರೋಲಿಗೆ 36 ಚಿತ್ರ. ಫ್ಲ್ಯಾಶಿನೊಳಗೆ ನಾಲ್ಕು ಪೆನ್ಸಿಲ್ ಸೆಲ್ಲು. ಒಂದು ಸಲ ಹೊಡೆದರೆ ಮತ್ತೆ ‘ಕೀ’ ಎಂದು ಸದ್ದು ಮಾಡುತ್ತ ಚಾರ್ಜ್ ಆಗಿ, ಹಿಂದಿನ ಕೆಂಪು ದೀಪ ಹತ್ತುವವರೆಗೆ ಕಾಯಬೇಕು. ಸೆಲ್ಲು ಸೋತಂತೆ ಈ ಕಾಯುವಿಕೆ ಉದ್ದವಾಗುತ್ತದೆ. ಅಷ್ಟರೊಳಗೆ ತಾಳಿ ಕಟ್ಟಿ ಮುಗಿದಿರುತ್ತದೆ. ಕಪ್ಪು ಬಂದ ಪ್ರಿಂಟಿಗೆ ಬೀಗರು ದುಡ್ಡು ಕೊಡುವುದಿಲ್ಲ, ಬಿಳಿಚಿ ಬಂದದ್ದಕ್ಕೆ ಕೊಡುತ್ತಾರೆ. ಇಂಥ ಲೆಕ್ಕದಲ್ಲಿ ಪ್ರಯೋಗ ಮಾಡುವವನು ಮನೆಮಠ ಕಳೆದುಕೊಳ್ಳುತ್ತಾನೆ. ನೇರ ಫ್ಲ್ಯಾಶ್ ನಮ್ಮ ಕಡೆಯ ಶೈಲಿಯಾದದ್ದು ಮುಖ್ಯವಾಗಿ ಅದು ನಷ್ಟವಿಲ್ಲದ ದಾರಿಯಾಗಿತ್ತು ಎಂಬ ಕಾರಣಕ್ಕೆ. ಕಲಾವಿಮರ್ಶೆ ಬರೆಯುವವರು ಶೈಲಿಯ ಬೆನ್ನ ಹಿಂದಿನ ಈ ಪೆನ್ಸಿಲ್ ಸೆಲ್ಲಿನ ಲೆಕ್ಕವನ್ನು ಮರೆಯುತ್ತಾರೆ.

ಇನ್ನೊಂದು ಕಾರಣ ಲೆಕ್ಕದ್ದಲ್ಲ, ಆಸೆಯದ್ದು. ‘ಬೆಳ್ಳಗ ಬರಬೇಕ್ರಿ.’ ಜೋಳದ ಹೊಲದಲ್ಲಿ, ಹತ್ತಿ ಬಿಡಿಸುವ ಬಿಸಿಲಿನಲ್ಲಿ ಮಾಗಿದ ಮೈಬಣ್ಣಕ್ಕೆ ನೇರ ಫ್ಲ್ಯಾಶ್ ಒಂದು ಪವಾಡವಾಗಿ ಕಂಡಿತು. ಸ್ಟುಡಿಯೋದ ಕನ್ನಡಿಯ ಮುಂದೆ ಬಾಚಣಿಕೆಯ ಪಕ್ಕದಲ್ಲಿ ಇರುತ್ತಿದ್ದ ಪೌಡರ್ ಡಬ್ಬಿ ಮಾಡುತ್ತಿದ್ದ ಅರ್ಧ ಕೆಲಸವನ್ನು ಫ್ಲ್ಯಾಶ್ ಪೂರ್ತಿ ಮಾಡಿತು. ಬಣ್ಣದ ಫಿಲ್ಮಿನ ಲೋಕವೂ ಈ ಆಸೆಗೆ ಹೊರಗಿನದಾಗಿರಲಿಲ್ಲ. ಕೊಡಾಕ್ ಕಂಪನಿ ಪ್ರಿಂಟಿನ ಬಣ್ಣ ಸರಿಹೊಂದಿಸಲು ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಚೀಟಿಯಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣುಮಗಳ ಮುಖ. ಅದಕ್ಕೆ ‘ಶರ್ಲಿ ಕಾರ್ಡ್’ ಎಂದೇ ಹೆಸರು. ಅವಳ ಕೆನ್ನೆ ಸರಿಯಾಗಿ ಬಂದರೆ ಎಲ್ಲರ ಕೆನ್ನೆಯೂ ಸರಿ ಎಂಬ ತೀರ್ಮಾನ. ಈ ಬಿಳುಪಿಗೆ ನಮ್ಮ ಕಡೆಯವರು ತೆತ್ತ ಬೆಲೆ ವಿಚಿತ್ರವಾದದ್ದು: ಹಣೆಯ ಮೇಲಿನ ವಿಭೂತಿ ಕಾಣದಾಯಿತು. ಎಣ್ಣೆ ಹಚ್ಚಿದ ಹಣೆಯ ಹೊಳಪು, ಬೆವರಿನ ಹೊಳಪು ಎರಡೂ ಸೇರಿ ಮೂರು ಬೆರಳಿನ ಗೆರೆಗಳು ಒಂದೇ ಬಿಳಿ ತೇಪೆಯಾದವು. ಗುರುತಿಗಾಗಿ ಬಳಿದುಕೊಂಡದ್ದನ್ನೇ ಅಳಿಸುವ ಬೆಳಕು.

ಈ ಚಿತ್ರಗಳ ಎರಡನೆಯ ಬದುಕನ್ನೂ ನೋಡಬೇಕು. ನಮ್ಮ ಅಜ್ಜಿಯರ ತಲೆಮಾರಿನ ಎಷ್ಟೋ ಹೆಣ್ಣುಮಕ್ಕಳಿಗೆ ಅವರದೇ ಎನ್ನುವ ಒಂದು ಫೋಟೋ ಇಲ್ಲ. ಅವರು ತೀರಿಕೊಂಡ ಮೇಲೆ ಮಗನೋ ಮೊಮ್ಮಗನೋ ಯಾರದೋ ಮದುವೆಯ ಗುಂಪುಚಿತ್ರ ಹುಡುಕಿ ತೆಗೆದು, ಸ್ಟುಡಿಯೋಕ್ಕೆ ಒಯ್ದು, ‘ಇವರನ್ನಷ್ಟ ಬ್ಯಾರೆ ಮಾಡಿ ದೊಡ್ಡದು ಮಾಡಿಕೊಡ್ರಿ’ ಎನ್ನುತ್ತಾನೆ. ಆ ಅಜ್ಜಿ ನಿಂತಿದ್ದದ್ದು ಮೂರನೆಯ ಸಾಲಿನಲ್ಲಿ. ಅವಳಿಗೆ ಸಿಕ್ಕಿದ್ದು ಫ್ಲ್ಯಾಶಿನ ಕಾಲು ಭಾಗ. ಕತ್ತರಿಸಿ ಹಿಗ್ಗಿಸಿದಾಗ ಮುಖದಲ್ಲಿ ಕಾಳು ಕಾಳು. ಪಕ್ಕದವರ ಭುಜದ ಒಂದು ತುಂಡು ಅಂಚಿನಲ್ಲಿ ಉಳಿದಿರುತ್ತದೆ, ಅದನ್ನು ನೀಲಿ ಬಣ್ಣ ತುಂಬಿ ಮುಚ್ಚುತ್ತಾರೆ. ಹಾಲಿನಲ್ಲಿ ಪ್ಲಾಸ್ಟಿಕ್ ಮಾಲೆ ಹಾಕಿಸಿಕೊಂಡ ಆ ಪಟವೇ ಮುಂದೆ ಅವಳ ಮುಖ. ಅವಳನ್ನು ಕಂಡಿರದ ಮರಿಮಕ್ಕಳಿಗೆ ಬೇರೆ ಮುಖ ಗೊತ್ತೇ ಇಲ್ಲ. ಒಬ್ಬ ಮನುಷ್ಯಳ ಇಡೀ ಚಿತ್ರಕೋಶ ಸಾವಿರದಲ್ಲಿ ಒಂದು ಸೆಕೆಂಡಿನ ಬೆಳಕು, ಅದೂ ಇನ್ನೊಬ್ಬರಿಗೆ ಹೊಡೆದದ್ದು. ಫ್ಲ್ಯಾಶಿನ ಚರ್ಚೆ ಬರೀ ತಾಂತ್ರಿಕ ಚರ್ಚೆ ಎನ್ನುವವರಿಗೆ ನಾನು ತೋರಿಸಬಯಸುವುದು ಈ ಪಟಗಳನ್ನು.

ನಮ್ಮಲ್ಲಿ ಹಲವು ಲಿಂಗಾಯತ ಮನೆಗಳಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನ ನಡುವೆ ಮನೆಮಂದಿಯೆಲ್ಲ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುವುದುಂಟು. ಆ ಚಿತ್ರಗಳನ್ನು ನೋಡುವಾಗ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಸುತ್ತಲಿನವರೆಲ್ಲರ ಕಣ್ಣಲ್ಲೂ ಫ್ಲ್ಯಾಶಿನ ಬೆದರಿಕೆ ಇದೆ, ನಡುವೆ ಕೂತವರೊಬ್ಬರೇ ನಿರಾಳ. ಅಂದಹಾಗೆ, ಆ ಬೆದರಿಕೆ ಚಿತ್ರಕ್ಕೆ ಕಾರಣವಾದ ಹೊಡೆತದ್ದಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಶ್ ಹತ್ತಿ ಆರುವಷ್ಟರಲ್ಲಿ ರೆಪ್ಪೆಗೆ ಅಲುಗಲೂ ಸಮಯ ಇರುವುದಿಲ್ಲ. ನಮಗೆ ಚಿತ್ರದಲ್ಲಿ ಸಿಗುವುದು ಹಿಂದಿನ ಹೊಡೆತದ ನೆನಪು, ಬರಲಿರುವ ಹೊಡೆತದ ಅಂಜಿಕೆ. ಈ ಸಣ್ಣ ವಿಷಯ ಸವದತ್ತಿಯ ಗುಡ್ಡಕ್ಕೆ ಹೋದಾಗ ದೊಡ್ಡದಾಗುತ್ತದೆ.

ಗುಡ್ಡ ಹತ್ತುವ ಮುನ್ನ ನ್ಯೂಯಾರ್ಕಿಗೆ ಒಂದು ಸುತ್ತು ಹೋಗಿಬರಬೇಕು. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಟೆ ಮತ್ತು ಯೊಹಾನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಫ್ಲ್ಯಾಶ್ ಪೌಡರ್ ತಯಾರಿಸಿದರು. ಅದರ ಸುದ್ದಿ ಓದಿದ ಜೇಕಬ್ ರೀಸ್ ಎಂಬ ಪತ್ರಕರ್ತ ನ್ಯೂಯಾರ್ಕಿನ ಬಡವರ ವಠಾರಗಳಿಗೆ ನಡುರಾತ್ರಿ ನುಗ್ಗಿ, ಮೊದಲು ಪಿಸ್ತೂಲಿನಂಥ ಸಾಧನದಿಂದ, ಆಮೇಲೆ ಬಾಣಲೆಯಲ್ಲಿ ಪುಡಿ ಸಿಡಿಸಿ ಚಿತ್ರ ತೆಗೆದ. 1890ರಲ್ಲಿ ಅವನ ಪುಸ್ತಕ ‘ಹೌ ದಿ ಅದರ್ ಹಾಫ್ ಲಿವ್ಸ್’ ಬಂತು. ಆ ಚಿತ್ರಗಳಿಂದ ಒಳ್ಳೆಯದೇ ಆಯಿತು, ವಠಾರಗಳ ಸ್ಥಿತಿ ಚರ್ಚೆಗೆ ಬಂತು, ಸುಧಾರಣೆಗೆ ದಾರಿಯಾಯಿತು. ಆದರೆ ನಿದ್ದೆಗಣ್ಣಿನಲ್ಲಿ ಎದ್ದು ಕುಳಿತವರ ಮುಖದಲ್ಲಿರುವುದು ಬಡತನವೋ, ಮನೆಯೊಳಗೆ ಅಪರಿಚಿತ ನುಗ್ಗಿದ ಗಾಬರಿಯೋ? ಚಿತ್ರ ಅವೆರಡನ್ನೂ ಬೇರೆ ಮಾಡುವುದಿಲ್ಲ. ನೋಡುವ ನಾವು ಎಲ್ಲವನ್ನೂ ಬಡತನದ ಖಾತೆಗೆ ಹಾಕುತ್ತೇವೆ.

ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆಗೆ, ಭರತ ಹುಣ್ಣಿಮೆಗೆ ಲಕ್ಷಾಂತರ ಜನ ಸೇರುತ್ತಾರೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ 1982ರದ್ದು. ಆ ಹೊತ್ತಿನಿಂದ ಈಚೆಗೆ ಗುಡ್ಡಕ್ಕೆ ಬಂದ ಕ್ಯಾಮೆರಾಗಳಿಗೆ ಲೆಕ್ಕವಿಲ್ಲ: ದಿನಪತ್ರಿಕೆಯವರು, ಸಂಸ್ಥೆಗಳ ವರದಿಗಾರರು, ದೂರದೇಶದವರು. ಅವರು ತಂದ ಚಿತ್ರಗಳಲ್ಲಿ ಒಂದು ಬಗೆಯಂತೂ ಕಣ್ಣಿಗೆ ಕಟ್ಟಿದಂತಿದೆ. ಕಪ್ಪು ರಾತ್ರಿ, ನೇರ ಫ್ಲ್ಯಾಶ್, ಕೊರಳಲ್ಲಿ ಕೆಂಪು ಬಿಳಿ ಮುತ್ತಿನ ಸರ, ಹಣೆ ತುಂಬ ಭಂಡಾರ, ಅಗಲವಾಗಿ ತೆರೆದ ಕಣ್ಣು. ಶೀರ್ಷಿಕೆಯಲ್ಲಿ ಶೋಷಣೆ, ನರಕ, ಕತ್ತಲೆ ಇಂಥ ಪದಗಳು. ಶೋಷಣೆ ನಿಜ, ಕಾಯ್ದೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಚಿತ್ರದ ಮೇಲೆ. ಅಲ್ಲಿ ಕಾಣುವ ಕತ್ತಲೆ ಆ ಹೆಂಗಸಿನ ಬದುಕಿನ ಕತ್ತಲೆ ಎಂದು ನಮ್ಮನ್ನು ನಂಬಿಸಲಾಗುತ್ತದೆ. ವಾಸ್ತವದಲ್ಲಿ ಅದು ಎರಡು ಮೀಟರಿನಾಚೆ ಫ್ಲ್ಯಾಶ್ ತಲುಪದ ಕತ್ತಲೆ. ಅವಳ ಹಿಂದೆ ಅಂಗಡಿಸಾಲಿನ ದೀಪಗಳಿದ್ದವು, ಚಕ್ಕಡಿಯ ಕೆಳಗೆ ರೊಟ್ಟಿ ಬಿಚ್ಚಿಕೊಂಡು ಕೂತ ಕುಟುಂಬಗಳಿದ್ದವು, ಚೌಡಿಕೆ ಬಾರಿಸುತ್ತಿದ್ದ ಅವಳ ಜೊತೆಯವರಿದ್ದರು, ಹುಣ್ಣಿಮೆಯ ಚಂದ್ರನೇ ಇದ್ದ. ಅವೆಲ್ಲವನ್ನೂ ಅಳಿಸಿ ಅವಳನ್ನು ಒಂಟಿ ಮಾಡಿದ್ದು ಬೆಳಕು. ಅಗಲವಾದ ಕಣ್ಣಿನ ಬೆದರಿಕೆಯೂ ಕ್ಯಾಮೆರಾ ತಂದದ್ದೇ ಇರಬಹುದು. ಸಾಕ್ಷಿ ಕೊಡುತ್ತೇನೆಂದು ಬಂದ ಬೆಳಕು ಸಾಕ್ಷಿಯನ್ನು ತಾನೇ ತಯಾರಿಸಿದರೆ ಅದನ್ನು ಹೇಗೆ ಓದುವುದು?

1986ರ ಮಾರ್ಚಿನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ, ರೇಣುಕಾಂಬೆಯ ಬೆತ್ತಲೆ ಸೇವೆಯ ಸಂದರ್ಭದಲ್ಲಿ, ತಡೆಯಲು ಬಂದ ಸುಧಾರಕರು ಮತ್ತು ಪೊಲೀಸರ ಮೇಲೆ ಭಕ್ತರು ತಿರುಗಿಬಿದ್ದರು. ಆ ಘಟನೆಯನ್ನು ಎದುರಿಟ್ಟುಕೊಂಡು ಯು.ಆರ್. ಅನಂತಮೂರ್ತಿ ಬರೆದ ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಎಂಬ ಲೇಖನ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತ. ಅದರ ವಾದವನ್ನು ಎಲ್ಲರೂ ಒಪ್ಪುವುದಿಲ್ಲ, ನಾನೂ ಪೂರ್ತಿ ಒಪ್ಪುವುದಿಲ್ಲ. ಆದರೆ ನೋಡುವವನ ಕಣ್ಣನ್ನೂ ಚರ್ಚೆಯೊಳಗೆ ಎಳೆದು ತಂದದ್ದು ಅದರ ಬಲ. ಸವದತ್ತಿಯ ಚಿತ್ರಗಳಿಗೆ ಅಂಥದೊಂದು ಓದು ಇನ್ನೂ ಸಿಕ್ಕಿಲ್ಲ. 2021ರ ನವೆಂಬರಿನಲ್ಲಿ ಮಂಜಮ್ಮ ಜೋಗತಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದ ಚಿತ್ರ ಎಲ್ಲೆಡೆ ಹರಿದಾಡಿತಲ್ಲ, ಅದನ್ನು ಇವುಗಳ ಪಕ್ಕ ಇಟ್ಟು ನೋಡಿ. ಸಭಾಂಗಣದ ಬೆಳಕು ಎಲ್ಲರ ಮೇಲೂ ಸಮನಾಗಿ ಬಿದ್ದಿದೆ. ಜೋಗತಿಯೊಬ್ಬರು ಅಲ್ಲಿ ನೋಡಿಸಿಕೊಳ್ಳುತ್ತಿಲ್ಲ, ಕೆಲಸ ಮಾಡುತ್ತಿದ್ದಾರೆ.

ಇಷ್ಟು ಹೇಳಿದ ಮೇಲೆ ನನ್ನನ್ನು ಫ್ಲ್ಯಾಶ್ ವಿರೋಧಿಗಳ ಪಂಗಡಕ್ಕೆ ಸೇರಿಸಿಬಿಡುವ ಅಪಾಯವಿದೆ. ಆ ಪಂಗಡದ ದೊಡ್ಡ ಹೆಸರು ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸಾನ್. ಇರುವ ಬೆಳಕಿಗೆ ಮರ್ಯಾದೆ ಕೊಡಬೇಕು ಎಂಬ ಕಾರಣಕ್ಕೇ ಆತ ಫ್ಲ್ಯಾಶನ್ನು ದೂರವಿಟ್ಟ. ಒಳ್ಳೆಯ ಮಾತು. ಆದರೆ ಇರುವ ಬೆಳಕು ಎಲ್ಲರ ಮನೆಯಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಎತ್ತರದ ಗಾಜಿನ ಕಿಟಕಿಗಳ ಊರಿನಲ್ಲಿ ಹುಟ್ಟಿದ ಮರ್ಯಾದೆ ಅದು. ಕಳ್ಳಕಾಕರಿಗೆ, ಬೇಸಿಗೆಯ ಝಳಕ್ಕೆ ಅಂಜಿ ಕಿಟಕಿಯನ್ನೇ ಇಡದ, ಸಂಜೆಯಾದರೆ ಕರೆಂಟು ಹೋಗುವ ಮನೆಗಳಲ್ಲಿ ‘ಇರುವ ಬೆಳಕಿನಲ್ಲಿ ತೆಗೆ’ ಎನ್ನುವುದೂ, ತೆಗೆಯಬೇಡ ಎನ್ನುವುದೂ ಒಂದೇ. ಫ್ಲ್ಯಾಶ್ ಇಲ್ಲದಿದ್ದರೆ ನಮ್ಮ ಅಜ್ಜಿಯರ ಆ ಕಾಲು ಭಾಗದ ಮುಖವೂ ಉಳಿಯುತ್ತಿರಲಿಲ್ಲ.

ಇನ್ನು ನಡುಹಗಲಿನ ವಿಷಯ. ರಾಮದುರ್ಗದ ಸಂತೆಯಲ್ಲಿ ಏಪ್ರಿಲಿನ ಹನ್ನೆರಡು ಗಂಟೆಗೆ ಪಟಗ ಸುತ್ತಿದ ಮುದುಕನ ಮುಖ ನೋಡಿ. ಬಿಸಿಲು ನೆತ್ತಿಯ ಮೇಲಿದೆ, ಪಟಗದ ನೆರಳು ಮೂಗಿನ ತನಕ ಇಳಿದಿದೆ. ಫೋಟೋದಲ್ಲಿ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ. ಅಲ್ಲಿ ಸಣ್ಣಗೆ, ಬಿಸಿಲಿಗಿಂತ ಕಡಿಮೆ ಪ್ರಮಾಣದಲ್ಲಿ ಹೊಡೆದ ಫ್ಲ್ಯಾಶ್ ಒಂದು ಉಪಕಾರ. ಅದು ಬಿಸಿಲನ್ನು ಅಳಿಸುವುದಿಲ್ಲ, ಸಂತೆಯನ್ನು ಅಳಿಸುವುದಿಲ್ಲ, ನೆರಳಿನೊಳಗೆ ಎರಡು ಕಣ್ಣನ್ನು ಕೊಡುತ್ತದೆ, ಅಷ್ಟೇ. ಅಮೆರಿಕದ ಡಯಾನ್ ಆರ್ಬಸ್ ಕೂಡ ಹಗಲಿನಲ್ಲೇ ಫ್ಲ್ಯಾಶ್ ಬಳಸುತ್ತಿದ್ದಳು, ಆದರೆ ಜನರನ್ನು ಅವರ ಸುತ್ತಲಿನಿಂದ ಬಿಡಿಸಿ ಮುಂದಕ್ಕೆ ತಳ್ಳಲು. ಅವಳ ಚಿತ್ರಗಳನ್ನು ನಾನು ಮೆಚ್ಚುತ್ತೇನೆ, ಪಟಗದ ಮುದುಕನಿಗೆ ಆ ಬೆಳಕು ಬೇಡ ಅಂತಲೂ ಅಂದುಕೊಳ್ಳುತ್ತೇನೆ.

ಫೋಟೋಗ್ರಫಿಯ ಪಾಠಪುಸ್ತಕಗಳು ನೇರ ಫ್ಲ್ಯಾಶಿಗೆ ಕೊಡುವ ಪರಿಹಾರ ಒಂದೇ: ಫ್ಲ್ಯಾಶಿನ ತಲೆಯನ್ನು ಛಾವಣಿಗೆ ತಿರುಗಿಸಿ ಹೊಡೆಯಿರಿ, ಬೆಳಕು ಅಲ್ಲಿ ಬಡಿದು ಹರಡಿ ಮೃದುವಾಗಿ ಕೆಳಗಿಳಿಯುತ್ತದೆ. ಪುಸ್ತಕ ಬರೆದವರ ಮನೆಯ ಛಾವಣಿ ಬಿಳಿಯದು. ನಮ್ಮ ಜಂತಿಮನೆಯದು ಹಾಗಲ್ಲ. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ತಲೆಮಾರುಗಳ ಒಲೆಯ ಹೊಗೆ ಕುಡಿದು ಎಲ್ಲ ಕಪ್ಪಾಗಿರುತ್ತದೆ. ಅಲ್ಲಿಗೆ ಎಷ್ಟು ಬೆಳಕು ಹೊಡೆದರೂ ಅದು ನುಂಗಿ ಸುಮ್ಮನಿರುತ್ತದೆ. ಪುಸ್ತಕದ ಮಾತು ನಂಬಿ ಮೇಲಕ್ಕೆ ಹೊಡೆದವನ ರೋಲು ಪೂರ್ತಿ ಕಪ್ಪು.

ಹಾಗಾದರೆ ಆ ಮನೆಗೆ ಬೆಳಕಿನ ಬುದ್ಧಿಯೇ ಇರಲಿಲ್ಲವೇ? ಇತ್ತು. ನಡುಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇರುತ್ತಿತ್ತು. ಅದರಿಂದ ಇಳಿದ ಬಿಸಿಲಿನ ಕೋಲು ಮುಂಜಾನೆ ಒಂದು ಗೋಡೆಯಿಂದ ಮಧ್ಯಾಹ್ನ ನೆಲಕ್ಕೆ, ಇಳಿಹೊತ್ತಿಗೆ ಇನ್ನೊಂದು ಗೋಡೆಗೆ ಸರಿಯುತ್ತಿತ್ತು. ಅಕ್ಕಿ ಆರಿಸುವವರು, ಕೌದಿ ಹೊಲಿಯುವವರು ಅದರ ಜೊತೆ ಜಾಗ ಬದಲಿಸುತ್ತಿದ್ದರು. ನೇರವಾಗಿ ಕೋಲಿನೊಳಗೆ ಯಾರೂ ಕೂರುತ್ತಿರಲಿಲ್ಲ, ಪಕ್ಕಕ್ಕೆ, ನೆಲದಿಂದ ಚಿಮ್ಮಿ ಬರುವ ಬೆಳಕಿನಲ್ಲಿ ಕೂರುತ್ತಿದ್ದರು. ಮೈಸೂರಿನ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೋದೊಳಗೆ ತಂದು ನಿಲ್ಲಿಸಿದ ಬೆಳಕಿನ ಕಂಬ ಜಗತ್ಪ್ರಸಿದ್ಧ. ಅದನ್ನು ನೋಡಿದಾಗಲೆಲ್ಲ ನನಗೆ ಬೆಳಕಿಂಡಿಯ ನೆನಪು. ಅದಕ್ಕೂ ಮುಂಚೆ, 1956ರ ‘ಅಪರಾಜಿತೋ’ದಲ್ಲಿ ಸುಬ್ರತ ಮಿತ್ರ ಕಾಶಿಯ ಮನೆಯ ಅಂಗಳದ ಬೆಳಕನ್ನು ಸ್ಟುಡಿಯೋದಲ್ಲಿ ಹುಟ್ಟಿಸಲು ಸೆಟ್ಟಿನ ನೆತ್ತಿಗೆ ಬಿಳಿ ಬಟ್ಟೆ ಕಟ್ಟಿ, ದೀಪಗಳನ್ನು ಅದಕ್ಕೆ ಹೊಡೆದು ಬೆಳಕನ್ನು ಕೆಳಗಿಳಿಸಿದರು. ಇಬ್ಬರೂ ಕೃತಕ ಉಪಾಯವನ್ನೇ ಬಳಸಿದರು. ಆದರೆ ಅವರ ಬೆಳಕು ಮನೆಯೊಳಗಿನ ಒಂದು ಜಾಗದಿಂದ ಬರುತ್ತದೆ, ಕ್ಯಾಮೆರಾದವನ ಹಣೆಯಿಂದಲ್ಲ.

ನಮ್ಮ ಊರುಗಳ ಸ್ಟುಡಿಯೋದವರು ಮಿತ್ರರ ಹೆಸರು ಕೇಳಿರಲಿಕ್ಕಿಲ್ಲ. ಆದರೂ ಕೆಲವರು ತಾವೇ ದಾರಿ ಹುಡುಕಿಕೊಂಡರು. ಛಾವಣಿ ಕಪ್ಪಾದರೇನು, ಗೋಡೆಗೆ ಹಬ್ಬಕ್ಕೊಮ್ಮೆ ಸುಣ್ಣ ಇತ್ತಲ್ಲ. ಫ್ಲ್ಯಾಶನ್ನು ಪಕ್ಕದ ಗೋಡೆಗೆ ತಿರುಗಿಸಿದರೆ ಇಲ್ಲದ ಕಿಟಕಿಯೊಂದು ಅಲ್ಲಿ ಹುಟ್ಟುತ್ತಿತ್ತು. ಸುಣ್ಣಕ್ಕೆ ನೀಲಿ ಬೆರೆಸಿದ ಮನೆಯಾದರೆ ಕೆನ್ನೆಯೂ ತುಸು ನೀಲಿ, ಹಸಿರು ಡಿಸ್ಟೆಂಪರಿನ ಮನೆಯಾದರೆ ಕಾಮಾಲೆ ಹಿಡಿದವರಂತೆ ಮದುಮಗ. ಕೆಂಪು ಹಳದಿ ಶಾಮಿಯಾನಾದ ಕೆಳಗೆ ಮೇಲಕ್ಕೆ ಹೊಡೆದರೆ ಬೀಗರೆಲ್ಲ ಓಕುಳಿಯಾಡಿದವರಂತೆ. ಲ್ಯಾಬಿನವರು ಇವನ್ನು ದೋಷ ಅನ್ನುತ್ತಿದ್ದರು. ನನಗೆ ಇವು ವಿಳಾಸ. ಯಾವ ಮನೆ, ಯಾವ ಗೋಡೆ ಎಂಬುದು ಮುಖದ ಮೇಲೆ ಬರೆದಿರುತ್ತದೆ. ಆಮೇಲೆ ಬಂದ ಕಲ್ಯಾಣಮಂಟಪಗಳ ಬಿಳಿ ಛಾವಣಿಯ ಕೆಳಗೆ ಎಲ್ಲರೂ ಚಂದ ಬಂದರು, ಎಲ್ಲ ಮದುವೆಯೂ ಒಂದೇ ಮದುವೆಯಾಯಿತು.

ನೇರ ಫ್ಲ್ಯಾಶ್ ತನ್ನ ದೋಷದಿಂದಲೇ ಗೆಲ್ಲುವ ಒಂದು ಸಂದರ್ಭವನ್ನು ಹೇಳದೆ ಹೋದರೆ ಅನ್ಯಾಯವಾದೀತು. ಎಲ್ಲಮ್ಮನ ಗುಡ್ಡದಲ್ಲಿ ‘ಉಧೋ ಉಧೋ’ ಎಂದು ಭಂಡಾರ ತೂರುವಾಗ ಗಾಳಿಯಲ್ಲಿ ಅರಿಷಿಣದ ಪುಡಿ ತುಂಬಿರುತ್ತದೆ. ಆಗ ನೇರ ಹೊಡೆದರೆ ಲೆನ್ಸಿಗೆ ಹತ್ತಿರವಿದ್ದ ಕಣಗಳು ದೊಡ್ಡ ದೊಡ್ಡ ಹಳದಿ ಚಂದ್ರಗಳಾಗಿ ಉರಿದು, ಮುಖಗಳು ಅವುಗಳ ಹಿಂದೆ ಮುಳುಗುತ್ತವೆ. ಕೈಪಿಡಿಗಳ ಪ್ರಕಾರ ಕೆಟ್ಟ ಚಿತ್ರ. ಆದರೆ ಭಂಡಾರದೊಳಗೆ ನಿಂತವನಿಗೆ ಕಾಣುವುದೂ ಸುಮಾರು ಅಷ್ಟೇ. ಯಾರು, ಯಾವ ಊರು, ಯಾವ ಜಾತಿ ಎಂಬುದು ಆ ಕ್ಷಣಕ್ಕೆ ಹಳದಿಯಲ್ಲಿ ಕಳೆದುಹೋಗಿರುತ್ತದೆ.

ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರನ ಜಾತ್ರೆಯಲ್ಲಿ ಸಮಸ್ಯೆ ಬೇರೆ. ಕತ್ತಲಲ್ಲಿ ಪುರವಂತರು ಕತ್ತಿ ಹಿಡಿದು ಒಡಪು ಹೇಳುತ್ತ ಕುಣಿಯುವಾಗ ಪಂಜಿನ ಬೆಳಕು ಕೆಳಗಿನಿಂದ, ಪಕ್ಕದಿಂದ ಅಲುಗುತ್ತ ಬರುತ್ತದೆ. ಆ ರೌದ್ರದ ಅರ್ಧ ಪಾಲು ಬೆಂಕಿಯದ್ದು. ನೇರ ಫ್ಲ್ಯಾಶ್ ಹೊಡೆದರೆ ಬೆಂಕಿ ಸತ್ತು, ವೇಷ ಹಾಕಿಕೊಂಡು ಬಾಯಿ ತೆರೆದು ನಿಂತ ಒಬ್ಬ ಗೃಹಸ್ಥ ಉಳಿಯುತ್ತಾನೆ. ಇಲ್ಲಿ ತಿಳಿದವರು ಶಟರನ್ನು ಕಾಲು ಸೆಕೆಂಡಿನಷ್ಟು ತೆರೆದಿಟ್ಟು, ಪಂಜಿಗೆ ತನ್ನ ಗೆರೆ ಎಳೆಯಲು ಬಿಟ್ಟು, ಶಟರ್ ಮುಚ್ಚುವ ಮುನ್ನ ಸಣ್ಣದೊಂದು ಫ್ಲ್ಯಾಶ್ ಕೊಡುತ್ತಾರೆ. ಚಲನೆ ಬೆಂಕಿಯದ್ದು, ಮುಖ ಫ್ಲ್ಯಾಶಿನದ್ದು. ಬೈಲಹೊಂಗಲ ಸೀಮೆಯ ಕಥೆಯಾದ ಸಂಗ್ಯಾ ಬಾಳ್ಯಾ ಸಣ್ಣಾಟವನ್ನು ಗ್ಯಾಸಬತ್ತಿಯ ಬೆಳಕಿನಲ್ಲಿ ನೋಡಿದವರು ಇದನ್ನು ಬೇಗ ಒಪ್ಪುತ್ತಾರೆ. ಬೆಳಕೂ ಪಾತ್ರಧಾರಿಯಾಗಿರುವ ಕಡೆ ಇನ್ನೊಬ್ಬ ಪಾತ್ರಧಾರಿ ಅವನ ಮಾತು ಮುಗಿಯುವ ತನಕ ಕಾಯಬೇಕು.

ಕಿತ್ತೂರಿನ ಬಗ್ಗೆ ಹೇಳುವುದು ಕಡಿಮೆ. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ತೀರಿಕೊಂಡದ್ದು 1829ರಲ್ಲಿ, ಛಾಯಾಗ್ರಹಣ ಲೋಕಕ್ಕೆ ಘೋಷಣೆಯಾದದ್ದು 1839ರಲ್ಲಿ. ಹತ್ತು ವರ್ಷದ ಅಂತರ. ಹಾಗಾಗಿ ಅವಳ ಮುಖ ಚಿತ್ರಕಾರರ ಕಲ್ಪನೆಯದ್ದು, ಮತ್ತು 1961ರ ಬಿ.ಆರ್. ಪಂತುಲು ಅವರ ಚಿತ್ರದಲ್ಲಿ ಬಿ. ಸರೋಜಾದೇವಿಯವರ ಮೇಲೆ ಬಿದ್ದ ಸ್ಟುಡಿಯೋ ಬೆಳಕಿನದ್ದು. ಯಾರೂ ಹೊಡೆಯದ ಮುಖ ಎಂದು ನಾನು ಕೆಲವೊಮ್ಮೆ ಸಮಾಧಾನಪಟ್ಟುಕೊಳ್ಳುವುದುಂಟು. ಛಾವಣಿ ಇಲ್ಲದ ಅವಳ ಅರಮನೆಯಂಥ ಪಾಳುಗೋಡೆಗಳ ನಡುವೆ ಈಗ ಎಲ್ಲೆಡೆ ಪ್ರಿ-ವೆಡ್ಡಿಂಗ್ ಜೋಡಿಗಳು ನಿಲ್ಲುತ್ತವೆ. ಫೋಟೋಗ್ರಾಫರನ ಸಹಾಯಕ ದೂರದಲ್ಲಿ ಕೋಲಿಗೆ ಕಟ್ಟಿದ ಫ್ಲ್ಯಾಶ್ ಹಿಡಿದಿರುತ್ತಾನೆ. ಹಾಡುಹಗಲಿನ ಆಕಾಶವನ್ನು ಕ್ಯಾಮೆರಾದಲ್ಲಿ ಬೇಕೆಂದೇ ಕಪ್ಪಾಗಿಸಿ, ಜೋಡಿಗೆ ಮಾತ್ರ ಬೆಳಕು ಕೊಡುತ್ತಾರೆ. ಬೆಳಕು ಕ್ಯಾಮೆರಾದಿಂದ ಇಳಿದು ಬಂತು, ಮೃದುವಾಯಿತು, ದುಬಾರಿಯೂ ಆಯಿತು. ಆದರೆ ಹಿಂದಿನ ಗೋಡೆ ಯಾವ ಊರಿನದೆಂದು ತಿಳಿಯದಷ್ಟು ಕತ್ತಲು ಮಾತ್ರ ಹಾಗೇ ಇದೆ. ಅಂದು ಕತ್ತಲೆ ಬಡತನದಿಂದ ಬಂದಿತ್ತು, ಇಂದು ಅದಕ್ಕೆ ದುಡ್ಡು ಕೊಡುತ್ತೇವೆ.

ಒಂದು ಹಳೆಯ ಆಲ್ಬಮ್ಮಿನ ಒಂದು ಪುಟ ನನಗೆ ಈ ಎಲ್ಲ ಮಾತಿಗಿಂತ ಹೆಚ್ಚು ಕಲಿಸಿದೆ. ಬೈಲಹೊಂಗಲದ ಹತ್ತಿರದ ಹಳ್ಳಿಯ ಮದುವೆ, ಜಂತಿಮನೆಯ ಪಡಸಾಲೆ. ವಧುವರರ ನಡುವೆ ಅಂತರಪಟ ಹಿಡಿದಿದ್ದಾರೆ, ಬಿಳಿಯ ಬಟ್ಟೆ, ನಡುವೆ ಅರಿಷಿಣದ ಸ್ವಸ್ತಿಕ. ಫೋಟೋಗ್ರಾಫರ್ ವಧುವಿನ ಕಡೆ ನಿಂತಿದ್ದಾನೆ. ಅವನು ಫ್ಲ್ಯಾಶನ್ನು ಅವಳ ಮುಖಕ್ಕೆ ಹೊಡೆಯದೆ ಬಟ್ಟೆಗೆ ಹೊಡೆದಿದ್ದಾನೆ. ಬಟ್ಟೆ ತಾನೇ ದೀಪವಾಗಿ, ತುಸು ಹಳದಿ ಕಲಸಿದ ಬೆಳಕನ್ನು ತಗ್ಗಿಸಿದ ಅವಳ ಮುಖಕ್ಕೆ ಮರಳಿಸಿದೆ. ಬಾಸಿಂಗದ ಕೆಳಗೆ ಹಣೆ, ಹಣೆಯ ಮೇಲೆ ಬೆವರು, ವಿಭೂತಿಯ ಮೂರು ಗೆರೆ ಬೇರೆ ಬೇರೆಯಾಗಿ ಎಣಿಸಬಹುದು. ಅಕ್ಕಿಕಾಳು ಹಿಡಿದ ಹತ್ತಾರು ಕೈಗಳಿಗೂ, ಬಟ್ಟೆಯ ತುದಿ ಹಿಡಿದ ಮುದುಕನ ಉಗುರಿಗೂ, ಹಿಂದೆ ಕಂಬಕ್ಕೆ ಒರಗಿ ನಿಂತ, ಹೆಸರು ಯಾರಿಗೂ ನೆನಪಿಲ್ಲದ ಒಬ್ಬ ಹುಡುಗಿಗೂ ಅದೇ ಬೆಳಕು ಸಿಕ್ಕಿದೆ. ವರ ಕಾಣುವುದಿಲ್ಲ, ಬಟ್ಟೆಯ ಆಚೆ ಅವನ ಪೇಟದ ತುದಿ ಮಾತ್ರ.

ಮುಂದಿನ ಪುಟದಲ್ಲಿ ಅಂತರಪಟ ಸರಿದಿದೆ. ಫ್ಲ್ಯಾಶ್ ನೇರಕ್ಕೆ ಬಂದಿದೆ. ಇಬ್ಬರೂ ಬೆಳ್ಳಗೆ ಬಂದಿದ್ದಾರೆ, ವರನ ಕನ್ನಡಕದಲ್ಲಿ ಎರಡು ಬಿಳಿ ಚುಕ್ಕೆ, ಕಂಬದ ಬಳಿ ಬರೀ ಕಪ್ಪು.